ನೆಂಗನ ಸದ್ದಿಲ್ಲದ ಬಿಲ್ಲು

ನನ್ನ ಗಂಡ ಚೊಂಗ್ ನೆಂಗ್ ಬೆಳಗಿನ ಹೊತ್ತು ತೀರಿಕೊಂಡ. ಕೆಮ್ಮಿ ಕೆಮ್ಮಿ ಸತ್ತ. ಬಿಸಿಲೇರುವ ಹೊತ್ತಿಗೆ ಮೈ ತೊಳೆದು, ನಾನು ನೇಯ್ದಿಟ್ಟಿದ್ದ ಸೆಣಬಿನ ಅಂಗಿ ತೊಡಿಸಿ, ಗೋಡೆಯ ಪಕ್ಕ ಮಲಗಿಸಿದ್ದರು. ಹಿರಿಯರ ಊರಿಗೆ ಹೋಗುವ ದಾರಿಯಲ್ಲಿ ಕಂಬಳಿಹುಳುಗಳ ಬೆಟ್ಟವಿದೆ. ಅದನ್ನು ತುಳಿದು ದಾಟಲು ಸೆಣಬಿನ ಚಪ್ಪಲಿ ಹಾಕಿದ್ದಾಗಿತ್ತು. ಉಳಿದದ್ದು ಬಿಲ್ಲು. ನಮ್ಮ ಬೆಟ್ಟದ ಹ್ಮೊಂಗ್ ಜನರಲ್ಲಿ ಗಂಡಸು ಆ ದಾರಿಗೆ ಬರಿಗೈಯಲ್ಲಿ ಇಳಿಯುವುದಿಲ್ಲ. ಮರದ ದಿಂಡಿಗೆ ಅಡ್ಡಲಾಗಿ ಕೂರಿಸಿ, ಕೀಲು ಒತ್ತಿ ಬಾಣ ಬಿಡುವ ಅವನ ಅಡ್ಡಬಿಲ್ಲು ಪಕ್ಕದಲ್ಲಿರಬೇಕು.

ಸತ್ತವರಿಗೆ ದಾರಿ ತೋರಿಸುವ ಹಾಡು ಹೇಳುವ ಹಿರಿಯರು ಬ್ಲಿಯಾ ಯಾ. ಅವರು ಬಿಲ್ಲನ್ನು ತೆಗೆದುಕೊಂಡು ಮೇಲೆ ಕೆಳಗೆ ತಿರುಗಿಸಿದರು.

“ಇದೇನಮ್ಮ?” ಅಂದರು.

“ಬಿಲ್ಲು.”

“ಬಿಲ್ಲು ಎಲ್ಲಿದೆ ಇದರಲ್ಲಿ? ರಬ್ಬರಿದೆ, ನೈಲಾನ್ ಇದೆ, ತಗಡಿದೆ. ಇದ್ಯಾವುದೂ ಮಣ್ಣಲ್ಲಿ ಕರಗಲ್ಲ, ಅವನ ಜೊತೆ ಹೋಗಲ್ಲ. ಅಂಗಿ ಗುಂಡೀನೇ ಬೇಡ ಅನ್ನೋರು ನಾವು. ಇದನ್ನ ಹೆಂಗೆ ಕಳ್ಸೋದು?”

ನನ್ನ ಮೈದುನ ಸಾಯ್ ಬಿದಿರಿನಲ್ಲಿ ಗೇಣುದ್ದದ ಬಿಲ್ಲೊಂದನ್ನು ಕಟ್ಟಿಕೊಡುತ್ತೇನೆಂದ. ಎಷ್ಟೋ ಮನೆಯವರು ಹಾಗೇ ಮಾಡುತ್ತಾರಂತೆ. ಮಾಡಲಿ. ನನ್ನ ಗಂಡ ಬದುಕಿದ್ದಷ್ಟು ದಿನ ಮಕ್ಕಳ ಹಾಗೇ ಆಡಿದ, ಸತ್ತ ಮೇಲೂ ಆಟದ ಸಾಮಾನು ಹಿಡಿದು ಹೋಗಬೇಕಾಗಿರಲಿಲ್ಲ. ಬೇಡ ಅಂದೆ. ಬಂದವರ ಊಟ ಮುಗಿಯುವವರೆಗೆ ಕಾಯುವುದಾಗಿ ಬ್ಲಿಯಾ ಯಾ ಹೇಳಿದರು. ಆಮೇಲೆ ಹಾಡು ಶುರು. ಶುರುವಾದ ಹಾಡನ್ನು ಯಾರಿಗಾಗಿಯೂ ನಿಲ್ಲಿಸುವುದಿಲ್ಲ.

ನಾನು ಬಿಲ್ಲನ್ನೂ ಕುಡುಗೋಲನ್ನೂ ತೆಗೆದುಕೊಂಡು ಮನೆಯ ಹಿಂದೆ ಕೂತೆ.

ಈ ರಬ್ಬರು ತಗಡಿನ ಕತೆ ಶುರುವಾದದ್ದು ನನ್ನ ಅಪ್ಪನಿಂದ. ಅಪ್ಪನ ಮನೆ ಇದೇ ಊರಲ್ಲಿ, ಹಳ್ಳದ ಆಚೆ. ಒಂದು ಕಾಲದಲ್ಲಿ ದೊಡ್ಡ ಬೇಟೆಗಾರ. ಈಗ ಉಳಿದಿರುವುದು ಬಾಯಿ ಮಾತ್ರ. ನಮ್ಮಲ್ಲಿ ಮದುವೆಯಾಗಿ ಮಕ್ಕಳಾದ ಮೇಲೆ ಅಳಿಯನಿಗೆ ಮಾವ ಹಂದಿ ಕಡಿಸಿ ಇನ್ನೊಂದು ಹೆಸರು ಕೊಡಬೇಕು. ಅಲ್ಲಿಯವರೆಗೆ ಅವನು ಊರಿಗೆ ಹುಡುಗನೇ. ನಮ್ಮ ಮಗಳು ಮಾಯ್ ನೀರು ಹೊರುವಷ್ಟು ದೊಡ್ಡವಳಾದರೂ ನೆಂಗ್ ಬರೀ ನೆಂಗ್ ಆಗಿಯೇ ಇದ್ದ. ಅಪ್ಪ ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಿದ್ದ.

ಒಂದು ಹೊಸ ವರ್ಷದ ಊಟದಲ್ಲಿ ಎಲ್ಲರೂ ಇದ್ದಾಗ ಅಪ್ಪ ಅಂದ, “ಅಳಿಯಂದ್ರೇ, ನೀವು ಕಾಡಲ್ಲಿ ಬಿಲ್ಲು ಬಿಟ್ರೆ ಇಲ್ಲಿ ನಮ್ಮನೆಯೋಳು ಯಾರು ಬಾಗಿಲು ಹಾಕಿದ್ದು ಅಂತ ಕೇಳ್ತಾಳೆ. ಅಷ್ಟು ಸದ್ದಿಗೆ ಅಳಿಲು ಕೂತಿರುತ್ತಾ?”

ಗಂಡಸರು ನಕ್ಕರು. ನೆಂಗನೂ ನಕ್ಕ. ಮನೆಗೆ ಬಂದವನೇ ಬಿಲ್ಲಿನ ಸದ್ದು ಅಡಗಿಸುತ್ತೇನೆಂದು ಕೂತ.

ಎಲ್ಲರ ಬಿಲ್ಲೂ ಸದ್ದು ಮಾಡುತ್ತದೆ. ಆದರೂ ಎಲ್ಲರ ಮನೆಯಲ್ಲೂ ಅಳಿಲು ಬೇಯುತ್ತದೆ. ನೆಂಗನ ಗುರಿ ತಪ್ಪುತ್ತಿದ್ದುದು ಕೆಮ್ಮಿನಿಂದ. ಗುರಿ ಹಿಡಿದು ಉಸಿರು ಕಟ್ಟಿದರೆ ಸಾಕು, ಎದೆಯೊಳಗಿಂದ ಕೆಮ್ಮು ಬರುತ್ತಿತ್ತು. ಇದು ನನಗೆ ಗೊತ್ತಿತ್ತು, ಸಾಯ್‌ಗೆ ಗೊತ್ತಿತ್ತು, ಅಳಿಲುಗಳಿಗೂ ಗೊತ್ತಿತ್ತು. ಅವನೊಬ್ಬನಿಗೆ ಗೊತ್ತಿರಲಿಲ್ಲ.

ಮೊದಲು ಹೆದೆಗೆ ಜೇನುಮೇಣ ತಿಕ್ಕಿದ. ಅದು ಸರಿ, ಎಲ್ಲರೂ ತಿಕ್ಕುತ್ತಾರೆ. ಆಮೇಲೆ ಮಾಯ್ ಚಿಕ್ಕವಳಿದ್ದಾಗ ಹಾಕುತ್ತಿದ್ದ ಟೋಪಿಯ ಕೆಂಪು ಉಣ್ಣೆಯ ಚೆಂಡುಗಳನ್ನು ಕತ್ತರಿಸಿ ಹೆದೆಯ ಎರಡೂ ತುದಿಗೆ ಕಟ್ಟಿದ. ಹೆದೆಯ ನಡುಕವನ್ನು ಉಣ್ಣೆ ಕುಡಿಯುತ್ತದಂತೆ. ಮಾಯ್ ಅತ್ತಳು. ದೊಡ್ಡವಳಾಗಿದ್ದೀಯಲ್ಲ, ನಿನಗೇಕೆ ಟೋಪಿ ಎಂದು ಗದರಿದ. ಕೆಂಪು ಚೆಂಡು ನೇತಾಡುವ ಬಿಲ್ಲು ಹಿಡಿದು ಕಾಡಿಗೆ ಹೊರಟವನನ್ನು ನೋಡಿ ಊರಿನ ನಾಯಿಗಳು ಹಿಂದೆ ಬಿದ್ದವು.

ಉಣ್ಣೆ ಸಾಲಲಿಲ್ಲ. ಬಿಟ್ಟ ಹೆದೆ ಮರಕ್ಕೆ ಬಡಿಯುವ ಜಾಗಕ್ಕೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದ. ಒಂದು ಪದರ, ಎರಡು ಪದರ, ಮೂರು. ಕೀಲು ಟಕ್ ಅನ್ನುತ್ತದೆಂದು ಅದರ ಗೂಡಿಗೂ ರಬ್ಬರು ತುರುಕಿದ. ರಬ್ಬರು ಏಳಬಾರದೆಂದು ಮೀನಿನ ಡಬ್ಬದ ತಗಡು ಸುತ್ತಿ ಬಿಗಿದ. ನೊಂಗ್‌ಹೆಟ್ ಪೇಟೆಯ ಸರಕಾರಿ ಆಸ್ಪತ್ರೆಗೆ ಹೋಗಿ ಎದೆ ತೋರಿಸಿಕೊಂಡು ಬಾ ಅಂದರೆ, ಈ ಕೆಲಸವೊಂದು ಮುಗಿಯಲಿ ಎನ್ನುತ್ತಿದ್ದ. ಪೇಟೆಗೇನೋ ಹೋದ. ನೈಲಾನ್ ದಾರ ತಂದ.

ನಾನು ನೂತು ಹೊಸೆದ ಹೆದೆಯನ್ನು ಬಿಚ್ಚಿ ನನ್ನ ಮುಂದೆ ಇಟ್ಟ. “ಮಾಯ್‌ಳ ಅವ್ವಾ, ಬೇಜಾರು ಮಾಡ್ಕೋಬೇಡ,” ಅಂದ. “ನಿನ್ನ ದಾರ ಹಾಡುತ್ತೆ.”

ಹದಿನಾರು ವರ್ಷ ಅದೇ ದಾರದ ಬಟ್ಟೆ ತೊಟ್ಟಿದ್ದ. ಆಗ ಹಾಡು ಕೇಳಿಸಿರಲಿಲ್ಲ.

ಒಂದು ಮಧ್ಯಾಹ್ನ ನಾನು ನೂಲುತ್ತಿದ್ದಾಗ ಅಂಗಳದ ಬೇಲಿಯ ಮೇಲೆ ಸೋರೆಕಾಯಿಯೊಂದನ್ನು ಇಟ್ಟು, ನೋಡಬೇಡ, ಕೇಳು ಅಂದ. ನಾನು ತಲೆ ಎತ್ತದೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಬಂದು ಮುಂದೆ ನಿಂತ.

“ಕೇಳಿಸ್ತಾ?”

“ಇಲ್ಲ.”

“ನೋಡಿದ್ಯಾ?” ಮುಖ ಅರಳಿತ್ತು.

ಎದ್ದು ಹೋಗಿ ನೋಡಿದೆ. ಬಾಣ ನೆಲದಲ್ಲಿತ್ತು. ಸೋರೆಕಾಯಿಯ ಮೇಲೆ ಉಗುರು ತಾಗಿದಷ್ಟು ಗುರುತು.

“ಸೋರೆಕಾಯಿಗೂ ಕೇಳಿಸಿಲ್ಲ,” ಅಂದೆ.

ಸದ್ದಿನ ಜೊತೆ ಬಿಲ್ಲಿನ ಬಲವೂ ಹೋಗಿತ್ತು. ಬಾಣಕ್ಕೆ ಸೇರಬೇಕಾದದ್ದನ್ನು ಉಣ್ಣೆಯೂ ರಬ್ಬರೂ ತಿನ್ನುತ್ತಿದ್ದವು. ಮೂರು ವರ್ಷದ ಹುಡುಗಿಗೂ ತಿಳಿಯುವ ವಿಷಯ. ಅವನು ತಪ್ಪನ್ನು ಸೋರೆಕಾಯಿಯ ಮೇಲೆ ಹಾಕಿದ, ಬಲಿತಿದೆ ಅಂದ. ಸಾಯ್ ಅವನ ಜೊತೆ ಕಾಡಿಗೆ ಹೋಗಿ ಬಂದು ಹೇಳಿದ ಪ್ರಕಾರ, ಬಾಣ ಬರುವುದನ್ನು ಅಳಿಲು ಕೂತು ನೋಡಿತಂತೆ. ಹತ್ತಿರ ಬಂದಾಗ ಸ್ವಲ್ಪ ಸರಿಯಿತಂತೆ. ಇದನ್ನು ಸಾಯ್ ಊರಲ್ಲೆಲ್ಲ ಹೇಳಿಕೊಂಡು ಬಂದ. ಅವನೇನು ಕಡಿದು ಗುಡ್ಡೆ ಹಾಕಿದವನಲ್ಲ. ಅವನ ಹೆಂಡತಿ ಇಲಿಬೋನಿಗೆ ಬಿದ್ದದ್ದನ್ನು ಬೇಯಿಸುತ್ತಾಳೆ.

ಆದರೂ ಅಪ್ಪ ಹೆಸರು ಕೊಟ್ಟ. ಒಂದು ದಿನ ನೆಂಗ್ ಬಿದಿರಿನ ಬೇರು ತಿಂದು ಕೊಬ್ಬಿದ ಬಿದಿರಿಲಿಯೊಂದನ್ನು ತಂದು ಮಾವನ ಮುಂದೆ ಇಟ್ಟು, ಬಿಲ್ಲಿನಲ್ಲಿ ಹೊಡೆದೆ ಅಂದ. ಅವನ ಗುದ್ದಲಿಯ ತುಂಬ ಹಸಿ ಮಣ್ಣಿತ್ತು. ಬಿಲ ಅಗೆದು ಹಿಡಿದದ್ದು. ಅಪ್ಪ ಇಲಿಯನ್ನು ಹೊರಳಿಸಿ ಬಾಣದ ತೂತು ಹುಡುಕಿದ. ಒಂದು ಕಡೆ ನೋಡಿದ, ಇನ್ನೊಂದು ಕಡೆ ನೋಡಿದ. ನನ್ನ ಮುಖ ನೋಡಿದ. ನಾನು ಒಲೆಗೆ ಸೌದೆ ಹಾಕಿದೆ.

“ಸದ್ದೇ ಕೇಳಿಸಲಿಲ್ಲ ಅಳಿಯಂದ್ರೇ,” ಅಂದ ಅಪ್ಪ.

ಆ ವಾರವೇ ಹಂದಿ ಕಡಿದರು. ನೆಂಗ್ ಚೊಂಗ್ ನೆಂಗ್ ಆದ. ಊಟದ ನಡುವೆ ಎದ್ದು ಹೋಗಿ ಹೊರಗೆ ನಿಂತು ಕೆಮ್ಮಿದ. ಅಳುತ್ತಲೂ ಇದ್ದನೇನೋ. ಕೆಮ್ಮಿನಲ್ಲಿ ಅದು ಗೊತ್ತಾಗುವುದಿಲ್ಲ. ಆಮೇಲೆ ನಾಲ್ಕು ವರ್ಷ ಬದುಕಿದ. ಬಿಲ್ಲಿಗೆ ಇನ್ನೂ ಎರಡು ಪದರ ರಬ್ಬರು ಹಾಕಿದ. ಆಸ್ಪತ್ರೆಗೆ ಹೋಗಲಿಲ್ಲ.

ಮನೆಯ ಹಿಂದೆ ಕೂತು ನಾನು ಅದನ್ನೆಲ್ಲ ಕಿತ್ತೆ. ತಗಡು ಬೆರಳು ಕೊಯ್ದಿತು. ನೈಲಾನನ್ನು ಕತ್ತರಿಸಿ ಎಸೆದೆ. ರಬ್ಬರು ಬಿಡಲಿಲ್ಲ. ಅವನು ಜೀವನದಲ್ಲಿ ಗಟ್ಟಿಯಾಗಿ ಮಾಡಿದ ಕೆಲಸ ಅದೊಂದೇ, ಅದೂ ಕೆಟ್ಟ ಕೆಲಸ. ಬಿಸಿನೀರು ಹಾಕಿ ಕೆರೆದೆ. ಆ ಹೊತ್ತಿಗೆ ಗಂಡನ ಮನೆಯಿಂದ ಮಾಯ್ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಕೆಂಪು ಉಣ್ಣೆ ಬಣ್ಣ ಹೋಗಿ ಮಣ್ಣಿನಂತಾಗಿತ್ತು. ಅದನ್ನು ನೆಲದಿಂದ ಎತ್ತಿ ಮುಷ್ಟಿಯಲ್ಲಿ ಇಟ್ಟುಕೊಂಡಳು. ಎಸೆ ಅಂದೆ. ಎಸೆಯಲಿಲ್ಲ.

ಹಳೆಯ ಹೆದೆಯನ್ನು ನಾನು ಬಿಸಾಡಿರಲಿಲ್ಲ. ಕೋಪಕ್ಕೆ ಇಟ್ಟುಕೊಂಡಿದ್ದೆ. ನಡುವೆ ಇಲಿ ಕಡಿದಿತ್ತು. ನನ್ನ ನೂಲಿನಿಂದ ನಾಲ್ಕು ಎಳೆ ತೆಗೆದು ಹೊಸದು ಹೊಸೆದೆ, ಮಾಯ್ ತುದಿ ಹಿಡಿದಳು. ಒಳಗೆ ತಟ್ಟೆಗಳನ್ನು ಎತ್ತುವ ಸದ್ದು ಕೇಳಿಸುತ್ತಿತ್ತು. ಬಿಲ್ಲನ್ನು ಬಗ್ಗಿಸಿ ಹೆದೆ ಏರಿಸಲು ನಮ್ಮಿಬ್ಬರಿಗೂ ಆಗಲಿಲ್ಲ. ತಲೆ ಎತ್ತಿದರೆ ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬಾಯಿ ಮುಚ್ಚಿಕೊಂಡು ಬಂದು ಕೂತು, ಕಾಲು ಕೊಟ್ಟು ಬಿಲ್ಲು ಬಗ್ಗಿಸಿದ. ಹೆದೆ ಕೂತಿತು.

ಬ್ಲಿಯಾ ಯಾ ಬಾಗಿಲಿಗೆ ಬಂದರು. ಮರ, ನಾರು, ಬಿದಿರು. ಬೆರಳಾಡಿಸಿ ನೋಡಿ, ಇದು ಬಾಣ ಬಿಡುತ್ತೋ ಇಲ್ಲವೋ, ಕೆಲಸಕ್ಕೆ ಬಾರದ್ದನ್ನು ಕಳಿಸಲಾಗದು ಎಂದರು.

ಅಪ್ಪ ಹೆದೆ ಎಳೆದು ಕೀಲಿಗೆ ಸಿಕ್ಕಿಸಿ ಬಿಲ್ಲನ್ನು ನನ್ನ ಕೈಗೆ ಕೊಟ್ಟ. ಬಾಣವಿಟ್ಟು ಹಂದಿಗೂಡಿನ ಕಂಬಕ್ಕೆ ಹಿಡಿದು ಬಿಟ್ಟೆ. ಬಾಣ ಎರಡು ಬೆರಳು ಒಳಗೆ ಹೋಯಿತು. ಮಾಯ್‌ಳ ಕೂಸು ಬೆಚ್ಚಿ ಅತ್ತಿತು. ಹಂದಿಗಳು ಎದ್ದವು.

ಒಳಗೆ ಒಲೆಯ ಮುಂದೆ ಕೂತಿದ್ದ ನನ್ನ ಅವ್ವನಿಗೆ ಈಗ ಕಿವಿ ಮಂದ. ಹತ್ತಿರ ಬಂದು ಕೂಗಿದರೂ ಕೇಳಿಸುವುದಿಲ್ಲ. ಅವಳು ಅಂದದ್ದು ಹೊರಗೆ ನಮಗೆಲ್ಲ ಕೇಳಿಸಿತು.

“ಯಾರು ಬಾಗಿಲು ಹಾಕಿದ್ದು?”

ಯಾರೂ ನಗಲಿಲ್ಲ. ಅಪ್ಪ ಗೋಡೆಯ ಕಡೆ ತಿರುಗಿ ನಿಂತ.

ಬಿಲ್ಲನ್ನು ಒಳಗೆ ತಂದು ಅವನ ಪಕ್ಕ ಇಟ್ಟರು. ಹಾಡು ಶುರುವಾಯಿತು. ಆ ಬಿಲ್ಲು ಅವನಿಗೆ ಇಷ್ಟವಾಗುವುದಿಲ್ಲ ಎಂದು ನನಗೆ ಗೊತ್ತು. ದಾರಿಯುದ್ದಕ್ಕೂ ಬೈಯುತ್ತಾನೆ. ಬೈಯಲಿ. ಇನ್ನು ಅವನಿಗೆ ಕೆಮ್ಮಿಲ್ಲ, ಗುರಿ ತಪ್ಪಿದರೆ ತಪ್ಪು ಅವನದೇ.