ಅಪ್ಪ ಕೆತ್ತಿದ ರೆಕ್ಕೆ, ನಾನು ಲೆಕ್ಕ ಹಾಕಿದ ರೆಕ್ಕೆ

ಅಪ್ಪ ಕುಷ್ಟಗಿಯಲ್ಲಿ ಬಡಿಗತನ ಮಾಡಿ ನನ್ನನ್ನು ಓದಿಸಿದವನು. ಬಾಗಿಲು, ಕೂರಿಗೆ, ತೊಟ್ಟಿಲು ಮಾಡುತ್ತಿದ್ದ ಅವನ ಕೈಗೆ ವಿಮಾನದ ರೆಕ್ಕೆಯ ಕೆಲಸ ಹಚ್ಚಿದವಳು ನಾನು.

ಆಗ ನಾನು ಗಂಗಾವತಿ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ ಪಿಎಚ್.ಡಿ. ಮಾಡುತ್ತಿದ್ದೆ. ವಿಮಾನ ನಿಧಾನವಾಗಿ ಇಳಿಯುವಾಗಲೂ ಅದನ್ನು ಎತ್ತಿ ಹಿಡಿಯಬೇಕಲ್ಲ, ಅದಕ್ಕಾಗಿ ರೆಕ್ಕೆಯ ಮುಂದೊಂದು, ಹಿಂದೊಂದು ಪಟ್ಟಿ ಚಾಚಿಕೊಳ್ಳುತ್ತವೆ. ಅಂಥ ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಕಾಲೇಜಿನ ವಿಂಡ್ ಟನೆಲ್‌ನಲ್ಲಿ ಮಾದರಿ ಇಟ್ಟು ಪರೀಕ್ಷಿಸಿ, ಎರಡನ್ನೂ ಹೋಲಿಸುವುದು ನನ್ನ ಕೆಲಸ. ವಿಂಡ್ ಟನೆಲ್ ಎಂದರೆ ಒಂದು ತುದಿಗೆ ದೊಡ್ಡ ಫ್ಯಾನು, ನಡುವೆ ಗಾಜಿನ ಕಿಟಕಿ ಇರುವ ಉದ್ದನೆಯ ಡಬ್ಬಿ.

ಸಾಗವಾನಿಯಲ್ಲಿ ರೆಕ್ಕೆ ಕೆತ್ತಲು ಅಪ್ಪನಿಗೆ ಒಂದು ತಿಂಗಳು ಹಿಡಿಯಿತು. ನಾನು ತಗಡಿನಲ್ಲಿ ಕತ್ತರಿಸಿಕೊಟ್ಟ ಅಚ್ಚನ್ನು ಇಟ್ಟು ನೋಡುವನು, ಪಾಲಿಶ್ ಪೇಪರಿನಿಂದ ಉಜ್ಜುವನು, ಮತ್ತೆ ಇಟ್ಟು ನೋಡುವನು.

ಆದರೆ ಎರಡರ ಫಲಿತಾಂಶ ಕೂಡಲಿಲ್ಲ. ರೆಕ್ಕೆಯನ್ನು ಹದಿನಾರು ಡಿಗ್ರಿ ಓರೆ ಮಾಡುವವರೆಗೂ ಎತ್ತುವ ಬಲ ಏರುತ್ತದೆ ಎಂದು ಕಂಪ್ಯೂಟರ್ ಹೇಳಿತ್ತು. ಟನೆಲ್‌ನಲ್ಲಿ ಆ ಬಲ ಹನ್ನೆರಡಕ್ಕೇ ಕುಸಿದುಹೋಯಿತು. ಮೂರು ಸಲ ಮಾಡಿದರೂ ಅಷ್ಟೇ. ನನ್ನ ಮಾರ್ಗದರ್ಶಕರು, "ಮಾದರಿ ಸರಿಯಾಗಿದೆಯೇ ನೋಡಿ" ಎಂದರು. ನನಗೂ ಹಾಗೇ ಅನಿಸಿತು. ಮಾದರಿಯನ್ನು ಚೀಲದಲ್ಲಿಟ್ಟುಕೊಂಡು ಐತಾರ ಊರಿಗೆ ಹೋದೆ.

"ಅಪ್ಪಾ, ರೆಕ್ಕಿ ಸರಿ ಬಂದಿಲ್ಲ ಅನಸ್ತೈತಿ. ಕಂಪ್ಯೂಟರ್ ಬ್ಯಾರೆ ಹೇಳಾಕತ್ತೈತಿ."

ಅಪ್ಪ ಚಹಾದ ಕಪ್ಪು ಕೆಳಗಿಟ್ಟ. "ಎಲ್ಲಿ ತಪ್ಪೈತಿ ಅಂತ ಹೇಳತೈತೇನು?"

"ಇಲ್ಲ."

ಅವನು ರೆಕ್ಕೆಯನ್ನು ಟವೆಲ್ಲಿನಿಂದ ಒರೆಸಿ ಒಳಗೆ ಒಯ್ದ. ಎರಡು ದಿನ ಬಿಟ್ಟು ಅವ್ವ ಫೋನು ಮಾಡಿ, "ನಿಮ್ಮಪ್ಪ ನೆಟ್ಟಗ ಉಣವಲ್ರು. ಆ ಕಟ್ಟಿಗಿ ಮುಂದನ ಕುಂತಾರ. ಏನಂದಿ ನೀ?" ಎಂದಳು.

ಮರುದಿನ ಅಪ್ಪನೇ ಬಸ್ಸು ಹತ್ತಿ ಕಾಲೇಜಿಗೆ ಬಂದ. ಬಗಲಲ್ಲಿ ರೆಕ್ಕೆ, ಚೀಲದಲ್ಲಿ ತಗಡಿನ ಅಚ್ಚುಗಳು. "ನನ್ನ ಕಣ್ಮುಂದ ಹಚ್ಚು, ನೋಡೂಣು" ಎಂದ.

ಗಾಳಿಯ ದಿಕ್ಕು ಕಾಣಲೆಂದು ರೆಕ್ಕೆಯ ಮೇಲೆ ಉಣ್ಣೆಯ ತುಂಡು ಎಳೆಗಳನ್ನು ಅಂಟಿಸಬೇಕಿತ್ತು. ನಾನು ಅಂಟು ಹಚ್ಚಿದೆ, ಅಪ್ಪ ಒಂದೊಂದೇ ಎಳೆ ಒತ್ತಿದ. "ಸಾಲಿಗೆ ಹೋಗಬೇಕಾದ್ರ ನಿನಗ ರಿಬ್ಬನ್ ಕಟ್ಟಿದಂಗ ಆತು ನೋಡು" ಎಂದು ನಕ್ಕ. ಅವ್ವನಿಗೆ ಹುಷಾರಿಲ್ಲದ ವರ್ಷ ನನ್ನ ಜಡೆ ಹಾಕಿದವನು ಅವನೇ.

ಫ್ಯಾನು ಹಾಕಿದೆ. ಒಂದೊಂದೇ ಡಿಗ್ರಿ ಏರಿಸುತ್ತ ಹೋದೆ. ಅಪ್ಪ ಗಾಜಿಗೆ ಮೂಗು ತಾಗಿಸಿ ನಿಂತಿದ್ದ. ಹನ್ನೊಂದು ದಾಟುತ್ತಿದ್ದಂತೆ ಕೂಗಿದ.

"ಯವ್ವಾ, ಇಲ್ಲಿ ಬಾ. ನಡುವಿನ ಎಳಿ ನೆಟ್ಟಗ ಅದಾವು. ಗ್ವಾಡಿ ಕಡೆವಷ್ಟ ತಿರುಗಾಡಾಕತ್ತಾವು. ನಿನ್ನ ಕಂಪ್ಯೂಟರ್‌ನ್ಯಾಗ ಗ್ವಾಡಿ ಐತೇನು?"

ಇರಲಿಲ್ಲ. ಬಯಲಲ್ಲಿ ತೇಲುವ ರೆಕ್ಕೆಗೆ ನಾನು ಲೆಕ್ಕ ಹಾಕಿದ್ದೆ. ಟನೆಲ್‌ನಲ್ಲಿ ಅದು ಗೋಡೆಯಿಂದ ಗೋಡೆಗೆ ಚಾಚಿತ್ತು. ಗೋಡೆಯ ಪಕ್ಕ ಗಾಳಿಯ ವೇಗ ತಗ್ಗುವುದರಿಂದ ಅದು ರೆಕ್ಕೆಯ ಮೈಯನ್ನು ಬೇಗ ಬಿಟ್ಟುಬಿಡುತ್ತದೆ, ಎತ್ತುವ ಬಲವೂ ಬೇಗ ಕುಸಿಯುತ್ತದೆ. ಇದನ್ನು ತರಗತಿಯಲ್ಲಿ ಹೇಳಿಕೊಡುವವಳು ನಾನೇ. ಪರಿಣಾಮ ಚಿಕ್ಕದಿರಬೇಕೆಂದು ಕೈಬಿಟ್ಟಿದ್ದೆ.

"ಇಲ್ಲಪ್ಪಾ. ನಾನ ಬಿಟ್ಟಿದ್ದೆ. ನಿಂದೇನೂ ತಪ್ಪಿಲ್ಲ, ನಾ ಹಂಗ ಅನ್ನಬಾರದಿತ್ತು."

ಅಪ್ಪ ಗಾಜನ್ನು ಟವೆಲ್ಲಿನಿಂದ ಒರೆಸಿದ. "ನಾನೂ ಅಂಜಿದ್ನೆವ್ವಾ. ಈಗೀಗ ಕಣ್ಣು ಮಸುಕ ಆಗ್ಯಾವು. ಕೈ ತಪ್ಪಿತೇನೋ ಅಂತ. ಯಾರಿಗೂ ಹೇಳಿರಲಿಲ್ಲ."

ಅವನ ಒರಟು ಕೈಯನ್ನು ಹಿಡಿದುಕೊಂಡೆ. ಫ್ಯಾನು ಆರಿಸುವುದೂ ಮರೆತಿತ್ತು.

ಗೋಡೆ ಸೇರಿಸಿ ಹೊಸ ಲೆಕ್ಕ ಮುಗಿಯಲು ಎರಡು ವಾರ ಬೇಕಾಯಿತು. ಅಷ್ಟರಲ್ಲಿ ಅಪ್ಪನನ್ನು ಕೊಪ್ಪಳಕ್ಕೆ ಕರೆದೊಯ್ದು ಕಣ್ಣಿನ ಪೊರೆ ತೆಗೆಸಿದೆ. ಫಲಿತಾಂಶ ಬಂದಾಗ ಅವನು ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಕೋಣೆಯಲ್ಲೇ ಕುಳಿತಿದ್ದ.

"ಕೂಡ್ತೇನು?"

"ಭಾಳ ಹತ್ರ ಬಂದೈತಿ. ಒಂದ ಡಿಗ್ರಿ ಫರಕ್ ಉಳದೈತಿ."

"ಅದ್ಯಾಕ?"

"ಇನ್ನೂ ಗೊತ್ತಾಗಿಲ್ಲಪ್ಪಾ."

"ಗೊತ್ತಾಗತೈತಿ ತಗೋ" ಎಂದು ಅಪ್ಪ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡ.