ಜೈತೂನಬಿಯ ಕರೇ ಗುಲಾಬಿ

ಶುಕ್ರವಾರ ಬಂತಂದ್ರ ನನ್ನ ತಲಿ ಸಿಡೀತಿತ್ತು. ಖರೇ ಹೇಳತೇನಿ, ಇದರಾಗ ಮುಚ್ಚಿಡೂದೇನೈತಿ? ಬ್ಯಾಡಗಿಯೊಳಗ ನಮ್ಮ ಬಾಡಿಗಿ ಮನಿಗೂ ಜೈತೂನಬಿ ಮನಿಗೂ ನಡುವ ಒಂದ ಗ್ವಾಡಿ. ಆಕಿ ಜಳಕಾ ಮಾಡಿ ಅತ್ತರ ಹಚ್ಚಿಕೊಂಡಳಂದ್ರ ಆ ಗ್ವಾಡಿ ಇದ್ದೂ ಇಲ್ಲದಂಗ. ನಮ್ಮ ಸಾರಿನ ಒಗ್ಗರಣಿ ಸುದ್ದಾ ಅದರ ಮುಂದ ಸೋತು ಸುಮ್ಮನಾಗತಿತ್ತು.

ನಾನು ಭಾಗೀರಥೀಬಾಯಿ, ಕನ್ನಡ ಸಾಲಿ ಅಕ್ಕೋರು. ನಮ್ಮವರು ಬಾಳಕೃಷ್ಣರಾಯರು ಟಪಾಲ ಆಫೀಸಿನಾಗ ಇದ್ದರು. ಜೈತೂನಬಿ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗಾಕಿ. ವಾರದಾಗ ಆರು ದಿನ ಆಕಿ ಸೀರ್ಯಾಗ, ಕೂದಲದಾಗ ಮೆಣಸಿನಕಾಯಿ ಘಾಟು. ನಮ್ಮ ಕಟ್ಟಿಗೆ ಬಂದು ಕುಂತ್ರ ನಾಕು ಸಲ ನಾ ಸೀನಬೇಕು. ಏಳನೇ ದಿನ ಈ ಅತ್ತರ. "ನಿನ್ನ ಬಾಜೂಕ ಮನಿ ಮಾಡೂದಂದ್ರ ಮೂಗು ಕೊಯ್ದು ಗ್ವಾಡಿ ಮಾಡದಾಗ ಇಟ್ಟು ಬರಬೇಕವಾ" ಅಂತಿದ್ದೆ. ಆಕಿ ನಗತಿದ್ದಳು.

ಆಕಿ ಗಂಡ ದಾದಾಸಾಬ ಅತ್ತರ ಮಾರಾಂವ. ಸಣ್ಣ ಬಾಟ್ಲಿಗಳ ಕಟಗಿ ಪೆಟಗಿ ಹೆಗಲಿಗೆ ಹಾಕ್ಕೊಂಡು ಹಾವೇರಿ, ರಾಣೇಬೆನ್ನೂರ, ಗಳಗನಾಥ ಅಂತ ತಿರಗತಿದ್ದ. ಬಡಕಲ ಮನಶ್ಯಾ, ಮಾತು ಕಮ್ಮಿ. ಗುಲಾಬಿ ಅತ್ತರಕ್ಕ ಊದಿನ ಎಣ್ಣಿ ಬೆರಸಿ, ಒಂದು ಚಳಿಗಾಲ ಪೂರಾ ಇಟ್ಟು, ಕಾಕಂಬಿ ಹಂಗ ಕರ್ರಗ ಮಾಡಿ, ಹೆಂಡತಿ ಸಲುವಾಗಿ ಅಂತ ಒಂದು ದೊಡ್ಡ ಬಾಟ್ಲಿ ತಯಾರ ಮಾಡಿದ್ದ. ಅದಕ್ಕ ಕರೇ ಗುಲಾಬಿ ಅಂತ ತಾನ ಹೆಸರಿಟ್ಟಿದ್ದ. ಶುಕ್ರವಾರ ಪೆಟಗಿ ತೆರೀತಿರಲಿಲ್ಲ, ಮನ್ಯಾಗ ಇರತಿದ್ದ. ಹಂಗ ಒಂದು ಶುಕ್ರವಾರ, ಇಷ್ಟ ಹಚ್ಚಿಕೊ ಅಂತ ಆಕಿಗೆ ಗಂಟುಬಿದ್ದ. ಹಿಂದಿನ ದಿನದ ಕೆಲಸಕ್ಕ ಆಕಿ ಕೈ ಉರದು ಬೆಂಕಿ ಆಗಿದ್ದವು.

"ಅತ್ತರ ಹಚ್ಚಿಕೊಂಡು ಯಾವ ನವಾಬನ ಮನಿಗೆ ಹೋಗ್ಲಿ? ಮಂದಿ ಗಂಡಸರು ದುಡದು ತರತಾರ, ನೀವು ವಾಸನಿ ತರತೀರಿ!"

ಗ್ವಾಡಿ ಈಚೆ ನನಗೂ ಕೇಳಿಸ್ತು. ಎಂಬತ್ನಾಲ್ಕನೇ ಇಸ್ವಿ ಮಳಿಗಾಲ ಅದು. ಎಂಟ ದಿನಕ್ಕ ಆಂವ ಆ ಬಾಟ್ಲಿ ಮನ್ಯಾಗ ಬಿಟ್ಟು ಮುಂಬಯಿ ಹಾದಿ ಹಿಡದ. ಯಾರ ಕಡೆಯಿಂದಲೋ ಬರಿಸಿದ ಒಂದ ಕಾಗದ ಬಂತು, "ಸ್ವಂತ ಅಂಗಡಿ ಹಾಕಿದ ಮ್ಯಾಲೆ ಬರತೇನಿ" ಅಂತ. ನಾನ ಓದಿ ಹೇಳಿದೆ. ಆಮ್ಯಾಲೆ ಕಾಗದಾನೂ ಇಲ್ಲ, ಸುದ್ದೀನೂ ಇಲ್ಲ.

ಆಂವ ಹೋದ ಮ್ಯಾಲೆ ಹಚ್ಚಿಕೊಳ್ಳಾಕ ಸುರು ಮಾಡಿದಳು ನೋಡ್ರಿ! ಓಣಿ ಸುಮ್ಮನಿರತೈತೇನು? ಗಂಡಾ ಊರಾಗ ಇಲ್ಲ, ಈಕಿ ಯಾರ ಸಲುವಾಗಿ ಘಮಘಮಾ ಅಂತಾಳ ಅಂತ ನಳದ ಹಂತೇಕ ಗುಸುಗುಸು. ನಾನೂ ಅದರಾಗ ಬಾಯಿ ಹಾಕಿದಾಕಿನ, ಸುಳ್ಳು ಯಾಕ ಹೇಳ್ಲಿ? ಒಂದಿನ ಆಕಿ ಮುಂದನ ಅಂದಬಿಟ್ಟೆ, "ಇದೇನ ಹುಚ್ಚು ಜೈತೂನಬಿ? ನೋಡಾವರು ಏನಂದಾರು?"

ಆಕಿ ಸಿಟ್ಟಾಗಲಿಲ್ಲ. ಒಳಗ ಹೋಗಿ ಬಾಟ್ಲಿ ತಂದು, ಅದರ ಗಾಜಿನ ಕಡ್ಡಿ ತಗದು ನನ್ನ ಮುಂಗೈಗೆ ಇಷ್ಟ ಮುಟ್ಟಿಸಿದಳು. ತನ್ನ ಕೈಗೆ ಮುಟ್ಟಿಸಿಕೊಳ್ಳತಿದ್ದಿಲ್ಲ, ಬೆರಳಿನ ಬಿರುಕಿಗೆ ಉರೀತೈತಿ ಅಂತ. ಹೆರಳ ಕೆಳಗ, ಕುತಿಗಿ ಹಿಂದ ಹಚ್ಚಿಕೊಳ್ಳತಿದ್ದಳು.

"ಯಾವ ಶುಕ್ರವಾರ ಬರತಾರೋ ಗೊತ್ತಿಲ್ಲಲ್ರಿ ಅಕ್ಕೋರ. ಬಂದ ದಿನ ನನ್ನ ಮೈಯಾಗ ಈ ವಾಸನಿ ಇರಬೇಕು. ಆಸೆ ಮಾಡಿ ಹಚ್ಚಿಕೊ ಅಂದ್ರು, ನಾ ಅವರ ಮನಸು ಮುರದೆ. ನನ್ನ ನಾಲಿಗಿಗೆ ಬೆಂಕಿ ಬೀಳಲಿ."

ಆ ಅತ್ತರ ದಿನಾ ಪೂರಾ ನನ್ನ ಕೈಯಾಗ ಇತ್ತು. ಮೊದಲಿಗೆ ಮೂಗಿಗೆ ಹೊಡದಂಗ ಖಾರ, ಬಾಡಿದ ಹೂವಿನ ಬುಟ್ಟಿ ತೆರದಂಗ. ಸಾಲಿಗೆ ಹೋಗಿ ಹಾಜರಿ ಕೂಗೂದರಾಗ ಗುಲಾಬಿ ಮೆತ್ತಗಾಗಿತ್ತು. ಮಧ್ಯಾಹ್ನ ಹೊಗಿ ವಾಸನಿ ಎದ್ದಿತು. ಸಂಜೀ ಮುಂದ ಖಡು ಹಿಡದು ಕರೇ ಹಲಗಿ ಮ್ಯಾಲೆ ಬರಕೋತ ನಿಂತಾಗ ಕೈ ಮೂಗಿನ ಹತ್ರ ಬಂತು, ನನಗ ಸುಮಸುಮ್ಮನ ತವರುಮನಿ ನೆನಪಾತು. ಮನಿಗೆ ಬಂದ್ರ ನಮ್ಮವರು, "ಏನಿದು, ಉರುಸಿಗೆ ಹೋಗಿದ್ದೇನು?" ಅಂತ ನಕ್ಕರು. ಅವರ ಮ್ಯಾಲೆ ಹರಿಹಾಯ್ದೆ. ಅವತ್ತಿನಿಂದ ನಳದ ಹಂತೇಕ ಯಾರರೆ ಆಕಿ ಸುದ್ದಿ ತಗದ್ರ ನಾನ ಬಾಯಿ ಮುಚ್ಚಸತಿದ್ದೆ.

ನಾಕು ವರ್ಷ ತುಂಬಿದವು. ಮೋಟೆಬೆನ್ನೂರಿನಿಂದ ಆಕಿ ಅಣ್ಣ ಕುತುಬುದ್ದೀನ ಬಂದ. ಹಾವೇರಿ ಯೂಸುಫಸಾಬಂದು ಒಂದು ಸಂಬಂಧ ತಂದಿದ್ದ, ಹೆಂಡತಿ ಸತ್ತಾಂವ, ಸೈಕಲ್ ಅಂಗಡಿ ಇಟ್ಟಾಂವ, ಕೆಟ್ಟ ಮನಶ್ಯಾ ಅಲ್ಲ. ನಾಕು ವರ್ಷ ಪತ್ತೆ ಇಲ್ಲದ ಗಂಡನ್ನ ಇಲ್ಲ ಅಂತನ ತಿಳಕೊಂಡು ಇದ್ದತ್ ಕೂಡಬೇಕು ಅಂದ. ಅಂದ್ರ ಗಂಡಾ ಸತ್ತ ಹೆಣ್ಣುಮಗಳು ನಾಕು ತಿಂಗಳ ಹತ್ತು ದಿನ ದುಃಖ ಹಿಡೀಬೇಕು. ಚಲೋ ಸೀರಿ ಇಲ್ಲ, ಸುರಮಾ ಇಲ್ಲ, ಅತ್ತರಂತೂ ಮುಟ್ಟೂ ಹಂಗಿಲ್ಲ. ಅದು ಮುಗದ ಮ್ಯಾಲೆ ನಿಕಾಹ.

"ಸತ್ತಾರಂತ ಯಾರು ನೋಡ್ಯಾರ?" ಅಂತ ಜೈತೂನಬಿ ಕೇಳಿದಳು.

"ಬದಕ್ಯಾನಂತ ಯಾರು ನೋಡ್ಯಾರ?" ಅಂದ ಆಂವ.

ಆಕಿ ಎದ್ದು ಹೋಗಿ, ಅಣ್ಣನ ಮುಂದನ ಅತ್ತರ ಹಚ್ಚಿಕೊಂಡು ಬಂದು ಕುಂತಳು. ಅದು ಮಂಗಳವಾರ. ಕುತುಬುದ್ದೀನ ಚಾ ಕುಡೀಲಾರದ ಎದ್ದು ಹೋದ. ನನ್ನ ಗಂಡಾ ಅದಾನ ಅಂತ ಬಾಯಿಲೆ ಹೇಳೂ ಹಂಗ ಇರಲಿಲ್ಲ ಆಕಿಗೆ, ಯಾರೂ ನಂಬತಿರಲಿಲ್ಲ. ಮೈಯಾಗ ಅತ್ತರ ಇರೂ ತನಕ ಆಕಿ ದಾದಾಸಾಬನ ಹೆಂಡತಿ. ಬಿಟ್ಟ ದಿನ ವಿಧವಿ.

ತೊಂಬತ್ತೊಂದರಾಗ, ಮೆಣಸಿನಕಾಯಿ ಸುಗ್ಗಿ ಜೋರ ಇದ್ದಾಗ, ಕುಪ್ಪೇಲೂರಿನ ಮಹಮ್ಮದ್ ಹನೀಫ್ ಅನ್ನಾಂವ ಕೇಳಿಕೋತ ಬಂದ. ಮುಂಬಯಿಯಾಗ ದಾದಾಸಾಬನ ಖೋಲ್ಯಾಗ ಇದ್ದಾಂವಂತ. ತಂಗಿ ಮದುವಿಗೆ ಅಂತ ಊರಿಗೆ ಬಂದಿದ್ದ. ಜೈತೂನಬಿ ನನ್ನ ಕೈ ಹಿಡಕೊಂಡು ಕುಂತಳು.

"ಹೋದ ವರ್ಷ ಗಣಪತಿ ಹಬ್ಬದ ಮುಂದ ತೀರಿಕೊಂಡ್ರು ಭಾಬೀ. ಕಾಮಾಲಿ ಆಗಿತ್ತು. ಕಡೀ ತನಕ ಮಂದಿ ಅತ್ತರ ಅಂಗಡಿಯಾಗ ದುಡದ್ರು. ಖಾಲಿ ಕೈಲೆ ಹ್ಯಾಂಗ ಮಾರಿ ತೋರಸಲಿ, ನಾಳೆ ಬರಿಯೂಣು, ನಾಳೆ ಬರಿಯೂಣು ಅಂತಿದ್ರು."

ಆಕಿ ಅಳಲಿಲ್ಲ. ಬೆರಳು ಮಡಚಿ ತಿಂಗಳು ಲೆಕ್ಕಾ ಹಾಕಿದಳು. ಮಸೂತಿ ಹಜರತರು ಬಂದು ಅದ ಲೆಕ್ಕಾ ಹೇಳಿದರು. "ಇದ್ದತ್ ಸತ್ತ ದಿನದಿಂದ ಎಣಿಸೂದಮ್ಮಾ. ಆರು ತಿಂಗಳಾಗ್ಯಾವು, ನಿಂದು ಮುಗದು ಹೋಗೇತಿ. ನೀ ಕೂಡೂದು ಬ್ಯಾಡ." ಸುದ್ದಿ ಕೇಳಿ ಬಂದಿದ್ದ ಅಣ್ಣಗ ಹಗುರ ಆತು. ಯೂಸುಫಸಾಬ ಇನ್ನೂ ಕಾಯಾಕತ್ತಾನ ಅಂತ ಅಲ್ಲೇ ಮಾತು ತಗದ ಬಿಟ್ಟ, ಎಂಥಾ ಅವಸರದ ಮನಶ್ಯಾನೋ!

"ಮುಗದು ಹೋತಂದ್ರೇನ್ರಿ?" ಜೈತೂನಬಿ ಮಾರಿ ಕೆಂಪಾತು. "ಅವರು ಮಣ್ಣಾಗ ಮಲಗಿದಾಗ ನಾ ಇಲ್ಲಿ ಅತ್ತರ ಬಡಕೊಂಡು ಕುಂತಿದ್ದೆ. ಒಂದ ಶುಕ್ರವಾರ ತಪ್ಪಿಸಿಲ್ಲ. ನನ್ನ ಗಂಡಗ ಅಳಾಕ ನನಗ ಒಂದ ದಿನಾನೂ ಉಳೀಲಿಲ್ಲೇನು? ಬ್ಯಾಡಂದ್ರೂ ನಾ ಕೂಡತೇನಿ. ಪೂರಾ ಕೂಡತೇನಿ."

"ಆ ಮನಶ್ಯಾ ಎಲ್ಲಿತನಕ ಕಾಯಬೇಕು?" ಅಂತ ಅಣ್ಣ ಒದರ್ಯಾಡಿದ.

"ಕಾಯೂದು ಬ್ಯಾಡಂತ ಹೇಳಿಬಿಡು."

ಕೂತಳು. ಹೊಟ್ಟಿ ಬಿಡಬೇಕಲ್ಲ, ಹಗಲ ಕೆಲಸಕ್ಕ ಹೋಗಿ ಹೊತ್ತು ಮುಳಗೂದರಾಗ ಮನಿ ಸೇರತಿದ್ದಳು. ಶುಕ್ರವಾರ ಬರತಿದ್ದವು, ಹೋಗತಿದ್ದವು, ಗ್ವಾಡಿ ಆಕಡೆಯಿಂದ ಏನೂ ಬರತಿದ್ದಿಲ್ಲ. ನಾ ಮೂಗು ಬಿಟ್ಟುಕೊಂಡು ಹುಡುಕತಿದ್ದೆ. ಯೂಸುಫಸಾಬಗ ರಾಣೇಬೆನ್ನೂರಿನಾಗ ಬ್ಯಾರೆ ಹೆಣ್ಣು ಸಿಕ್ತು.

ಇದ್ದತ್ ಮುಗದ ಮರುದಿನ ಮುಂಜಾನೆ ಜೈತೂನಬಿ ನನ್ನ ಕರದಳು. ಮುಗದ ಮ್ಯಾಲೆ ಹೊಸಾ ಸೀರಿ ಉಡಿಸಿ ಅತ್ತರ ಹಚ್ಚೂದು ಅವರ ಪದ್ಧತಿ. ಅಣ್ಣನ ಮನಿಯಿಂದ ಯಾರೂ ಬಂದಿರಲಿಲ್ಲ. "ನೀವ ಹಚ್ಚರಿ ಅಕ್ಕೋರ" ಅಂತ ಹೆರಳು ಎತ್ತಿ ಹಿಡದಳು. ಕುತಿಗಿ ಹಿಂದ ಕಡ್ಡಿ ಮುಟ್ಟಿಸಿದೆ.

ಆಕಿ ಉಸರ ಎಳಕೊಂಡು ಗಪ್ಪನ ಹಿಂದ ತಿರುಗಿ ನೋಡಿದಳು, ಯಾರೋ ಬಂದು ನಿಂತಾರನ್ನೂ ಹಂಗ. ನನ್ನ ಬಿಟ್ಟು ಅಲ್ಲಿ ಯಾರು ಇದ್ದರು?

"ಅಕ್ಕೋರ, ಇಷ್ಟು ವರ್ಷ ಇದರ ವಾಸನಿ ನನಗ ಬರತನ ಇದ್ದಿಲ್ರಿ. ಹಚ್ಚಿ ಹಚ್ಚಿ ಮೂಗಿಗೆ ರೂಢಿ ಆಗಿಬಿಟ್ಟಿತ್ತು. ನಿಮಗೆಲ್ಲಾ ಬರತಿತ್ತು, ನನಗ ಇಲ್ಲ. ಇವತ್ತ ಬಂತು."

ಅಷ್ಟ ಅಂದಾಕಿನ ನೆಲಕ್ಕ ಕುಸದು, ನನ್ನ ಕಾಲು ತಬ್ಬಿಕೊಂಡು ಬಾಯಿ ಬಿಟ್ಟು ಅತ್ತಳು. ಹನೀಫ್ ಬಂದ ದಿನ ಅಳಬೇಕಾದ್ದು, ಏಳು ವರ್ಷದ ಹಿಂದ ಅಳಬೇಕಾದ್ದು, ಎಲ್ಲಾ ಕೂಡೇ ಬಂತು.

"ಹೋದ್ರು ಅಕ್ಕೋರ" ಅಂದಳು. "ಇವತ್ತ ಹೋದ್ರು."