ಅಲಮೇಲಮ್ಮ ನೋಡಿದ ನಕ್ಷತ್ರ

ರಾಜಾಜಿನಗರ ಆಗ ಅರ್ಧ ಬಡಾವಣೆ, ಅರ್ಧ ರಾಗಿ ಹೊಲ. ಬೀದಿ ದೀಪ ಬಂದಿಲ್ಲವೆಂದು ಊರೆಲ್ಲ ಗೊಣಗುತ್ತಿದ್ದರೆ, ಬರದಿದ್ದರೇ ವಾಸಿ ಎನ್ನುತ್ತಿದ್ದವರು ಇಬ್ಬರೇ: ಗಣಿತದ ಪದ್ಮನಾಭ ಮೇಷ್ಟ್ರು, ಅವರ ಹೆಂಡತಿ ಅಲಮೇಲಮ್ಮ. ಮಕ್ಕಳಿಲ್ಲದ ಮನೆ. ಸಂಜೆ ಅಡುಗೆ ಮುಗಿದರೆ ಇಬ್ಬರೂ ತಾರಸಿಯ ಮೇಲೆ. ಮೇಷ್ಟ್ರು ದುರ್ಬೀನು ಹಿಡಿದು, ಒಂದು ನಕ್ಷತ್ರವನ್ನು ಅಕ್ಕಪಕ್ಕದವುಗಳ ಜೊತೆ ಹೋಲಿಸಿ, ಹೊಳಪಿಗೊಂದು ಅಂಕಿ ಹೇಳುತ್ತಿದ್ದರು. ಅಲಮೇಲಮ್ಮ ಲಾಟೀನಿಗೆ ರಟ್ಟು ಮರೆಮಾಡಿ ಬರೆದುಕೊಳ್ಳುತ್ತಿದ್ದರು. ತಿಂಗಳಿಗೊಮ್ಮೆ ಆ ಹಾಳೆ ಅಮೆರಿಕದ ಒಂದು ವೀಕ್ಷಣಾಲಯಕ್ಕೆ ಹೋಗುತ್ತಿತ್ತು. ಅಪರೂಪಕ್ಕೆ ಆಕೆಯೂ ನೋಡಿ ಅಂಕಿ ಹೇಳಿದರೆ ಮೇಷ್ಟ್ರಿಗೆ ನಗು.

"ನಿನ್ ಕಣ್ಣಿಗೆ ಕೆಂಪು ನಕ್ಷತ್ರ ಯಾವಾಗ್ಲೂ ಒಂದು ಚೂರು ಜಾಸ್ತೀನೇ ಹೊಳೆಯುತ್ತೆ ಕಣೇ."

ಐವತ್ತೆಂಟರ ಮಳೆಗಾಲದಲ್ಲಿ ಮಂಕು ನಕ್ಷತ್ರವೊಂದು ಸ್ಫೋಟಿಸಿ ಹೊಳೆಯತೊಡಗಿತು. ಇಂಥದ್ದು ಎಷ್ಟು ಬೇಗ ಮಂಕಾಗುತ್ತದೋ ಅದರ ನಿಜವಾದ ಬೆಳಕು ಅಷ್ಟು ಹೆಚ್ಚು, ಅದು ತಿಳಿದರೆ ಎಷ್ಟು ದೂರವಿದೆಯೆಂದೂ ತಿಳಿಯುತ್ತದೆ ಎಂದು ಮೇಷ್ಟ್ರು ಹೆಂಡತಿಗೆ ವಿವರಿಸಿದರು. ಮೋಡ ಬಿಟ್ಟುಕೊಟ್ಟ ಸಂಜೆಗಳಲ್ಲೆಲ್ಲ ನೋಡಿದರು. ಆಗಸ್ಟ್ ಮೂರರಂದು ಸ್ಕೂಲಿಗೆ ಹೊರಟವರು ಎದೆ ಹಿಡಿದುಕೊಂಡು ಬಾಗಿಲಲ್ಲೇ ಕುಸಿದರು. ಮತ್ತೆ ಏಳಲಿಲ್ಲ.

ಹದಿಮೂರು ದಿನ ಮುಗಿದು ನೆಂಟರು ಹೊರಟ ಸಂಜೆ ಅಲಮೇಲಮ್ಮ ಒಬ್ಬರೇ ತಾರಸಿ ಹತ್ತಿದರು. ನಕ್ಷತ್ರ ಕೆಂಪಾಗಿತ್ತು. ಅಂಕಿ ಬರೆದರು. ತಿಂಗಳ ಕೊನೆಗೆ ಹಾಳೆಯ ಕೆಳಗೆ ಗಂಡನ ಹೆಸರನ್ನೇ ಹಾಕಿ ಕಳಿಸಿದರು. ಮೋಸ ಮಾಡಬೇಕೆಂದಲ್ಲ. ಈ ಊರಿನ ರೇಷನ್ ಕಾರ್ಡಿನಿಂದ ಹಿಡಿದು ಸ್ಕೂಲಿನ ಪಟ್ಟಿಯವರೆಗೆ ಎಲ್ಲ ಕಡೆಯೂ ಅವರ ಹೆಸರು ಹೊಡೆದುಹಾಕಿ ಆಗಿತ್ತು. ಆ ದೂರದ ಊರಿನಲ್ಲಿ ಮಾತ್ರ ಅವರಿನ್ನೂ ಪ್ರತಿ ಸಂಜೆ ಆಕಾಶ ನೋಡುತ್ತಿದ್ದರು.

ಡಿಸೆಂಬರಿನಲ್ಲಿ ವೀಕ್ಷಣಾಲಯದಿಂದ ಕಾಗದ ಬಂತು. ಆಗಸ್ಟ್ ನಡುವಿನಿಂದ ನಿಮ್ಮ ಅಂಕಿಗಳಲ್ಲಿ ಹೊಳಪು ಉಳಿದವರದಕ್ಕಿಂತ ಸ್ವಲ್ಪ ಹೆಚ್ಚಿದೆ, ಕನ್ನಡಕವೇನಾದರೂ ಬದಲಾಯಿಸಿದಿರಾ ಎಂದು ಕೇಳಿದ್ದರು. ಎಲ್ಲವನ್ನೂ ಒಂದೇ ಕಣ್ಣಿನದೆಂದು ಹಿಡಿದರೆ ನಕ್ಷತ್ರ ನಿಧಾನವಾಗಿ ಮಂಕಾದಂತೆ ಕಂಡು ದೂರದ ಲೆಕ್ಕ ತಪ್ಪುತ್ತದೆ, ಮಾರ್ಚಿನೊಳಗೆ ತಿಳಿಸಿ ಎಂದಿತ್ತು.

ಅಲಮೇಲಮ್ಮ ಅಲ್ಲೇ ನಡುಮನೆಯಲ್ಲಿ ಕುಳಿತುಬಿಟ್ಟರು. ಪಕ್ಕದ ಮನೆಯ ಜಗದಾಂಬಾ ಕೂಡ ಹೇಗಿದೀರಿ ಎಂದು ಕೇಳುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಎಲ್ಲೋ ಕೂತ ಯಾರೋ, ಬರೀ ಅಂಕಿ ನೋಡಿ, ಆ ಕಣ್ಣು ಈಗಿಲ್ಲವೆಂದು ಕಂಡುಹಿಡಿದಿದ್ದರು. ನೆಂಟರೆದುರು ಬಾರದ ಅಳು ಆಗ ಬಂತು.

ಹೌದು, ಹೊಸ ಕನ್ನಡಕ ಎಂದು ಬರೆದರೆ ಮುಗಿದೇಹೋಗುತ್ತಿತ್ತು. ಎರಡು ದಿನ ಅದನ್ನೇ ಯೋಚಿಸಿದರು. ಆದರೆ ಒಂದು ಅಂಕಿ ಅನುಮಾನವಾದರೆ ಮತ್ತೆ ತಾರಸಿ ಹತ್ತುತ್ತಿದ್ದ ಮನುಷ್ಯನ ಹೆಸರಿನಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ. ಆಗಸ್ಟ್ ಎರಡರವರೆಗೆ ನನ್ನ ಯಜಮಾನರ ಕಣ್ಣು, ಆಮೇಲಿನದು ನನ್ನದು, ಅವರು ತೀರಿಕೊಂಡರು ಎಂದು ಬರೆದು, ತಮ್ಮ ಹೆಸರು ಹಾಕಿದರು.

ಅಂಚೆ ಕಚೇರಿಯ ಗಂಗಾಧರಯ್ಯ ಕಾಗದ ತೂಗಿ, ಎಂದಿನಂತೆ ವಿಮಾನದ ಟಪಾಲಿನ ಸ್ಟಾಂಪು ಹರಿಯಹೋದರು. ಅಲಮೇಲಮ್ಮ ತಡೆದು, ಹಡಗಿನಲ್ಲಿ ಹೋದರೆ ಎಷ್ಟು ದಿನವೆಂದು ಕೇಳಿದರು.

"ಎರಡು ತಿಂಗ್ಳಾಗುತ್ತಮ್ಮ. ವಿಮಾನದಲ್ಲಾದ್ರೆ ವಾರ, ಹತ್ತು ದಿನ."

"ಹಡಗಲ್ಲೇ ಹೋಗ್ಲಿ," ಎಂದರು ಅಲಮೇಲಮ್ಮ. "ಅಲ್ಲಾದ್ರೂ ಇನ್ನೆರಡು ತಿಂಗ್ಳು ಇರ್ಲಿ ಅವ್ರು."